ಕೊನೇ ಸ್ಟಾಪಿನ ಶಾಲೆಗೆ ಹೊಸ ಮೇಷ್ಟ್ರು

ದೂರದ ಹಳ್ಳಿಗಳಿಗೆ ನೇಮಕವಾದ ಸರ್ಕಾರಿ ಪ್ರಾಥಮಿಕ ಶಾಲಾ ಶಿಕ್ಷಕರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಕೊಟ್ಟಿದ್ದೇವೆ. ಅಂಥ ಶಾಲೆಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಶಿಕ್ಷಕರು ಮತ್ತು ಸಿ.ಆರ್.ಪಿ.ಗಳು (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಉತ್ತರ ಬರೆದಿದ್ದಾರೆ. ಕೇಳಿದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಮುಂದಿನ ವಾರ ಕೆಲಸಕ್ಕೆ ಹಾಜರಾಗಬೇಕು. ಆದೇಶಪತ್ರ ಬಿಟ್ಟರೆ ಇನ್ನೇನು ಇಟ್ಟುಕೊಂಡಿರಬೇಕು? ಮೊದಲ ಸಂಬಳ ಯಾವಾಗ ಬರುತ್ತದೆ?
– ಶಿಕ್ಷಕಿ, ಯಾದಗಿರಿ ಜಿಲ್ಲೆ

ಆದೇಶದ ಪ್ರತಿಯನ್ನು ಐದಾರು ಜೆರಾಕ್ಸ್ ಮಾಡಿಸಿ. ವೈದ್ಯಕೀಯ ದೃಢತೆ ಪತ್ರ, ಎಲ್ಲ ಅಂಕಪಟ್ಟಿ, ಮೀಸಲಾತಿ ಪಡೆದಿದ್ದರೆ ಅದರ ಸಿಂಧುತ್ವ ಪತ್ರ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಎಂಟು ಹತ್ತು ಫೋಟೊ. ಇಷ್ಟನ್ನೂ ಎರಡು ಕಟ್ಟು ಮಾಡಿ, ಒಂದು ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಇನ್ನೊಂದು ಶಾಲೆಗೆ. ಮೂಲ ಪ್ರತಿಗಳನ್ನು ತೋರಿಸಿ ವಾಪಸ್ ಇಟ್ಟುಕೊಳ್ಳಿ, ಯಾರ ಕೈಗೂ ಬಿಟ್ಟು ಬರಬೇಡಿ.

ಶಾಲೆಯಲ್ಲಿ ಹಾಜರಾದ ವರದಿ ಬರೆಯುವಾಗ ದಿನಾಂಕದ ಮುಂದೆ ಪೂರ್ವಾಹ್ನವೋ ಅಪರಾಹ್ನವೋ ಎಂದು ನಮೂದಿಸಿ. ನಿಮ್ಮ ಸಂಬಳದ ಲೆಕ್ಕ ಅಲ್ಲಿಂದ ಶುರು. ಮೂರು ಪ್ರತಿ ಮಾಡಿ: ಒಂದು ಕಚೇರಿಗೆ, ಒಂದು ಶಾಲೆಯ ಕಡತಕ್ಕೆ, ಸ್ವೀಕೃತಿ ಮೊಹರು ಬಿದ್ದ ಒಂದು ನಿಮ್ಮ ಬಳಿ. ಮುಂದೆ ಬಡ್ತಿ, ವರ್ಗಾವಣೆ ಯಾವುದಕ್ಕೆ ಹೋದರೂ ಆ ಮೂರನೆಯದನ್ನು ಕೇಳುವ ದಿನ ಬಂದೇ ಬರುತ್ತದೆ.

ಸಂಬಳ ತಡವಾಗುತ್ತದೆ. ಪ್ರಾಥಮಿಕ ಶಾಲೆಯ ಸಂಬಳದ ಬಿಲ್ಲು ಮಾಡುವವರು ಬಿ.ಇ.ಒ. ಅಲ್ಲಿ ನಿಮ್ಮ ಸೇವಾ ಪುಸ್ತಕ ತೆರೆದು, ಪ್ರಮಾಣಪತ್ರಗಳ ನೈಜತೆ ಪರಿಶೀಲಿಸಿ, ಎನ್.ಪಿ.ಎಸ್.ನ ಪ್ರಾನ್ ಸಂಖ್ಯೆ (ಪಿಂಚಣಿ ಖಾತೆಯ ಸಂಖ್ಯೆ) ಬಂದು, ಸಂಬಳದ ಕಂಪ್ಯೂಟರ್ ವ್ಯವಸ್ಥೆಯಾದ ಎಚ್.ಆರ್.ಎಂ.ಎಸ್.ಗೆ ಹೆಸರು ಏರಬೇಕು. ಇದು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಹೆಸರಿನ ಕಾಗುಣಿತದಲ್ಲೇ. ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಪ್ಯಾನ್‌ನಲ್ಲಿ ಎರಡೂ ಇಲ್ಲ ಎಂಬಂತಿದ್ದರೆ ಹಾಜರಾಗುವ ಮೊದಲೇ ಸರಿಮಾಡಿಸಿ. ಮೂರು ತಿಂಗಳ ಖರ್ಚಿನ ದುಡ್ಡು ಕೈಯಲ್ಲಿಟ್ಟುಕೊಂಡೇ ಊರು ಬಿಡಿ. ಹೋದ ಊರಿನಲ್ಲಿ ಮೊದಲ ತಿಂಗಳೇ ಕೈಸಾಲ ಮಾಡಿದ ಮೇಷ್ಟ್ರ ಮಾತಿಗೆ ಆಮೇಲೆ ತೂಕ ಇರುವುದಿಲ್ಲ.

ಶಾಲೆ ಕಾಡಂಚಿನಲ್ಲಿದೆ, ದಿನಕ್ಕೆ ಎರಡೇ ಬಸ್ಸು. ತಾಲ್ಲೂಕು ಕೇಂದ್ರದಲ್ಲಿ ಮನೆ ಮಾಡಿ ಓಡಾಡಲೇ, ಊರಲ್ಲೇ ಉಳಿಯಲೇ? ಒಬ್ಬಳೇ ಇರಬೇಕು.
– ಶಿಕ್ಷಕಿ, ಶಿವಮೊಗ್ಗ ಜಿಲ್ಲೆ

ಬಸ್ಸಿನ ಹೊತ್ತು ಕೇಳಿಕೊಂಡು ನಿರ್ಧರಿಸಿ. ರಾತ್ರಿ ಹಾಲ್ಟ್ ಮಾಡಿ ಬೆಳಿಗ್ಗೆ ಊರಿನಿಂದ ಹೊರಡುವ ಬಸ್ಸು ನಿಮಗೆ ಉಪಯೋಗವಿಲ್ಲ, ಅದು ನಿಮ್ಮ ಎದುರು ದಿಕ್ಕಿಗೆ ಹೋಗುತ್ತದೆ. ಬೆಳಿಗ್ಗೆ ಊರಿಗೆ ಬರುವ ಬಸ್ಸು ಪ್ರಾರ್ಥನೆಗೆ ಅರ್ಧ ಗಂಟೆ ಮೊದಲು ಇಳಿಸುವಂತಿದ್ದರೆ ಮಾತ್ರ ಓಡಾಟ ಸಾಧ್ಯ. ಐದೇ ನಿಮಿಷ ಮೊದಲು ಇಳಿಸುವುದಾದರೆ ಜೂನ್, ಜುಲೈ ಮಳೆಯಲ್ಲಿ ವಾರಕ್ಕೆರಡು ದಿನ ತಡವಾಗುತ್ತದೆ. ಬೀಗದ ಕೈ ನಿಮ್ಮ ಬಳಿಯೇ ಇದ್ದರೆ ಅಷ್ಟು ಹೊತ್ತೂ ಮಕ್ಕಳು ಜಗಲಿಯಲ್ಲಿ ನೆನೆಯುತ್ತ ನಿಂತಿರುತ್ತಾರೆ. ಹಳ್ಳಿಯವರು ಹೊಸ ಟೀಚರನ್ನು ಅಳೆಯುವುದು ಪಾಠದಿಂದಲ್ಲ, ಪಾಠ ಅವರ ಕಣ್ಣಿಗೆ ಬೀಳುವುದಿಲ್ಲ. ಬಾಗಿಲು ತೆರೆದ ಹೊತ್ತು ಬೀಳುತ್ತದೆ. ಹಾಗಾಗಿ ಮೊದಲ ಮಳೆಗಾಲವೊಂದನ್ನಾದರೂ ಊರಲ್ಲೇ ಕಳೆಯುವುದು ಒಳ್ಳೆಯದು.

ಮನೆ ನೋಡುವಾಗ ಬಾಡಿಗೆಗಿಂತ ಮೊದಲು ನಾಲ್ಕು ಸಂಗತಿ ನೋಡಿ: ಒಳಗಿನಿಂದ ಹಾಕುವ ಚಿಲಕ ಗಟ್ಟಿಯಿದೆಯೇ, ಬಚ್ಚಲು ಮತ್ತು ಶೌಚಾಲಯ ಮನೆಗೆ ಅಂಟಿಕೊಂಡಿವೆಯೇ, ಬೇಸಿಗೆಯಲ್ಲಿ ನೀರು ಎಲ್ಲಿಂದ, ಕೂಗಿದರೆ ಕೇಳುವಷ್ಟು ಹತ್ತಿರ ಸಂಸಾರಸ್ಥರ ಮನೆ ಇದೆಯೇ. ಅಂಗನವಾಡಿ ಕಾರ್ಯಕರ್ತೆಯನ್ನೂ ಆಶಾ ಕಾರ್ಯಕರ್ತೆಯನ್ನೂ ಮೊದಲ ದಿನವೇ ಪರಿಚಯ ಮಾಡಿಕೊಳ್ಳಿ. ಯಾವ ಮನೆ ಹೆಣ್ಣುಮಗಳೊಬ್ಬಳಿಗೆ ಸರಿ ಎಂಬುದು ಅವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ.

ನೆಲದ ಮೇಲೆ ಮಲಗಬೇಡಿ. ಕಟ್ಟುಹಾವು ರಾತ್ರಿ ಹೊತ್ತು ಮನೆಯೊಳಗೆ ಬಂದು, ನೆಲದಲ್ಲಿ ಮಲಗಿದವರನ್ನೇ ಹೆಚ್ಚಾಗಿ ಕಚ್ಚುವುದು. ನೋವಾಗಲೀ ಬಾವಾಗಲೀ ಇರುವುದಿಲ್ಲ, ಬೆಳಗಿನ ಜಾವ ಹೊಟ್ಟೆನೋವು ಬಂದು, ರೆಪ್ಪೆ ಇಳಿಬಿದ್ದಾಗಷ್ಟೇ ಗೊತ್ತಾಗುತ್ತದೆ. ಮಂಚ ಹಾಕಿಕೊಂಡು, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿದರೆ ಅಪಾಯ ಬಹಳ ಮಟ್ಟಿಗೆ ತಪ್ಪುತ್ತದೆ. ಯಾರಿಗೇ ಕಚ್ಚಿದರೂ ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗದಂತೆ ಪಟ್ಟಿ ಕಟ್ಟಿ, ನಡೆಸದೆ, 108ಕ್ಕೆ ಕರೆ ಮಾಡಿ. ವಿಷಕ್ಕೆ ಔಷಧಿ ಇರುವ ಆಸ್ಪತ್ರೆ ಯಾವುದು, ಅಲ್ಲಿಗೆ ಎಷ್ಟು ಹೊತ್ತು ಎಂಬುದನ್ನು ಮೊದಲೇ ಕೇಳಿ ಗೋಡೆಗೆ ಬರೆದಿಡಿ.

ನಿಮ್ಮ ಜಿಲ್ಲೆಯಾದ್ದರಿಂದ ಮಂಗನ ಕಾಯಿಲೆಯ ಮಾತನ್ನೂ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ ಇದು. ಉಣುಗಿನ (ಉಣ್ಣೆಯ) ಕಡಿತದಿಂದ ಬರುತ್ತದೆ, ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಮಕ್ಕಳು ದರಗೆಲೆ, ಸೌದೆ ತರಲು ಕಾಡಿಗೆ ಹೋಗಿ ಬಂದಿದ್ದರೆ ಮೈ ನೋಡಿಕೊಳ್ಳಲು ಹೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕೆಂಬುದು ಒಂದನೇ ತರಗತಿಯ ಮಗುವಿಗೂ ಗೊತ್ತಿರಲಿ. ಇಂಬಳಕ್ಕೆ (ಜಿಗಣೆಗೆ) ಹೆದರುವವರು ಉಪ್ಪಿನ ಗಂಟೊಂದನ್ನು ಚೀಲದಲ್ಲಿಟ್ಟುಕೊಂಡರೆ ಸಾಕು, ಇಂಬಳದಿಂದ ಜೀವಕ್ಕೇನೂ ಅಪಾಯವಿಲ್ಲ.

ಕಿರಿಯ ಪ್ರಾಥಮಿಕ ಶಾಲೆ, ನಾನೊಬ್ಬನೇ ಶಿಕ್ಷಕ. ಹೋದ ದಿನವೇ ಪ್ರಭಾರ ವಹಿಸಿಕೊಳ್ಳಿ ಎಂದಿದ್ದಾರೆ. ಏನು ನೋಡಿ ಸಹಿ ಹಾಕಬೇಕು?
– ಶಿಕ್ಷಕ, ಉತ್ತರ ಕನ್ನಡ ಜಿಲ್ಲೆ

ಎಣಿಸಿ ಸಹಿ ಹಾಕಿ. ಪ್ರಭಾರ ಪಟ್ಟಿಯಲ್ಲಿ ‘ಕುರ್ಚಿ 12’ ಎಂದಿದ್ದರೆ ಹನ್ನೆರಡನ್ನೂ ಕಣ್ಣಾರೆ ನೋಡಬೇಕು. ಒಂಬತ್ತೇ ಇದ್ದರೆ ‘ಪಟ್ಟಿಯಂತೆ 12, ಭೌತಿಕವಾಗಿ 9’ ಎಂದು ಬರೆದು ಇಬ್ಬರೂ ಸಹಿ ಮಾಡಿ. ಹಿಂದಿನವರಿಗೆ ಬೇಸರವಾಗಬಹುದು, ಆಗಲಿ. ಇದರಲ್ಲಿ ಸಂಕೋಚಪಟ್ಟರೆ ಮೂರು ಕುರ್ಚಿಯ ಲೆಕ್ಕ ನಿಮ್ಮ ನಿವೃತ್ತಿಯವರೆಗೂ ಬೆನ್ನು ಬಿಡುವುದಿಲ್ಲ.

ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿಯನ್ನು ತೂಕ ಹಾಕಿಸಿಯೇ ತೆಗೆದುಕೊಳ್ಳಿ. ಅರ್ಧ ಚೀಲವನ್ನು ಅಂದಾಜಿನಲ್ಲಿ ಒಪ್ಪಿಕೊಂಡು ಸಿಕ್ಕಿಬಿದ್ದವರು ಬಹಳ ಜನ. ನಗದು ಪುಸ್ತಕದ ಶಿಲ್ಕನ್ನು ಬ್ಯಾಂಕ್ ಪಾಸ್‌ಬುಕ್ಕಿನ ಜೊತೆ ತಾಳೆ ನೋಡಿ. ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಜಂಟಿ ಖಾತೆಗೆ ಸಹಿ ಬದಲಾಯಿಸಲು ಸಮಿತಿಯ ನಡಾವಳಿ ಬೇಕು, ಅದನ್ನು ಮೊದಲ ಸಭೆಯಲ್ಲೇ ಬರೆಸಿ. ಖಾಲಿ ಚೆಕ್ಕಿಗೆ ಸಹಿ ಹಾಕಿಟ್ಟು ಹೋಗುವ ಅಭ್ಯಾಸ ಅಧ್ಯಕ್ಷರದಾಗಲೀ ನಿಮ್ಮದಾಗಲೀ ಬೇಡ.

ಎಲ್ಲಕ್ಕಿಂತ ಜೋಪಾನ ಮಾಡಬೇಕಾದದ್ದು ದಾಖಲಾತಿ ವಹಿ. ಹಳೆಯ ಶಾಲೆಗಳಲ್ಲಿ ಇಡೀ ಊರಿನ ಎರಡು ಮೂರು ತಲೆಮಾರಿನ ಹುಟ್ಟಿದ ದಿನಾಂಕ, ಜಾತಿ ಎಲ್ಲ ಅದರಲ್ಲಿದೆ. ಪಿಂಚಣಿಗೆ, ಜಾತಿ ಪತ್ರಕ್ಕೆ, ಆಸ್ತಿ ವ್ಯಾಜ್ಯಕ್ಕೆ ಎಂದು ಅರವತ್ತು ದಾಟಿದವರೂ ಅದರ ನಕಲಿಗೆ ಬರುತ್ತಾರೆ. ಪುಟಗಳ ಸಂಖ್ಯೆ ಎಣಿಸಿ, ಹರಿದದ್ದು, ಗೆದ್ದಲು ತಿಂದದ್ದು ಯಾವುದು ಎಂದು ಪ್ರಭಾರ ಪಟ್ಟಿಯಲ್ಲೇ ನಮೂದಿಸಿ. ವೈಟ್ನರ್ ಶಾಲೆಯೊಳಗೇ ಇರಬಾರದು. ನೀವೇ ಬರೆಯುವಾಗ ತಪ್ಪಾದರೆ, ಹಳೆಯದು ಓದಲು ಬರುವಂತೆ ಒಂದೇ ಗೆರೆ ಹೊಡೆದು, ಮೇಲೆ ಸರಿಯಾದದ್ದನ್ನು ಕೆಂಪು ಶಾಯಿಯಲ್ಲಿ ಬರೆದು, ದಿನಾಂಕ ಸಹಿತ ಸಹಿ ಮಾಡಿ. ಹಿಂದೆಂದೋ ದಾಖಲಾದ ಜನ್ಮದಿನಾಂಕವನ್ನು ತಿದ್ದಿಕೊಡಿ ಎಂದು ಯಾರೇ ಬಂದರೂ ಅದು ನಿಮ್ಮ ಅಧಿಕಾರದಲ್ಲಿಲ್ಲ, ಅರ್ಜಿಯನ್ನು ಮೇಲಕ್ಕೆ ಕಳಿಸಿ.

ಮಧ್ಯಾಹ್ನ ಸಭೆಗೋ ಬ್ಯಾಂಕಿಗೋ ಹೊರಟರೆ ಚಲನವಲನ ವಹಿಯಲ್ಲಿ ಬರೆದೇ ಹೊರಡಿ. ಏಕೋಪಾಧ್ಯಾಯ ಶಾಲೆಯಾದರೆ ಮೊದಲೇ ಸಿ.ಆರ್.ಪಿ.ಗೆ ತಿಳಿಸಿ ಪಕ್ಕದ ಶಾಲೆಯಿಂದ ಯಾರನ್ನಾದರೂ ಕರೆಸಿಕೊಳ್ಳಿ. ಅಡುಗೆಯವರ ಮೇಲೆ ಶಾಲೆ ಬಿಟ್ಟು ಹೋದ ದಿನವೇ ಮಗು ಬಿದ್ದು ಕೈ ಮುರಿದುಕೊಳ್ಳುತ್ತದೆ.

1ರಿಂದ 5ರವರೆಗೆ 26 ಮಕ್ಕಳು, ಒಂದೇ ಕೋಣೆ. ನಲಿಕಲಿ ತರಬೇತಿ ಇನ್ನೂ ಆಗಿಲ್ಲ. ಎಲ್ಲರಿಗೂ ಒಟ್ಟಿಗೆ ಹೇಗೆ ಕಲಿಸುವುದು?
– ಶಿಕ್ಷಕಿ, ಚಾಮರಾಜನಗರ ಜಿಲ್ಲೆ

ಒಟ್ಟಿಗೆ ಕಲಿಸಲು ಹೋಗಲೇಬೇಡಿ. ಅಲ್ಲೇ ಹೊಸಬರು ಸೋಲುವುದು.

ನಲಿಕಲಿ ಹುಟ್ಟಿದ್ದು ನಿಮ್ಮ ಪಕ್ಕದಲ್ಲೇ, 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಇಂಥವೇ ಶಾಲೆಗಳಲ್ಲಿ. ಒಬ್ಬ ಶಿಕ್ಷಕ, ಹಲವು ತರಗತಿ, ಬಂದು ಹೋಗುವ ಮಕ್ಕಳು ಎಂಬ ಪರಿಸ್ಥಿತಿಗೆಂದೇ ಹೊಸೆದ ಕ್ರಮ ಅದು. ಮಗು ಗೋಡೆಯ ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲಿನ ಚಿಹ್ನೆ, ಸಂಖ್ಯೆ ನೋಡುತ್ತದೆ, ಟ್ರೇಯಿಂದ ಅದೇ ಕಾರ್ಡು ತೆಗೆಯುತ್ತದೆ, ಕಾರ್ಡು ಹೇಳುವ ಗುಂಪಿಗೆ ಹೋಗಿ ಕೂರುತ್ತದೆ. ಗುಂಪು ಐದು. ಶಿಕ್ಷಕರ ಪೂರ್ಣ ನೆರವು ಬೇಕಾದದ್ದು, ಶಿಕ್ಷಕರ ಅರ್ಧ ನೆರವು, ಗೆಳೆಯರ ಪೂರ್ಣ ನೆರವು, ಗೆಳೆಯರ ಅರ್ಧ ನೆರವು, ಕೊನೆಯದು ಸ್ವಂತ ಕಲಿಕೆ. ಅಕ್ಷರಗಳು ಅ, ಆ, ಇ, ಈ ಎಂದು ಬರುವುದಿಲ್ಲ. ಬರೆಯಲು ಸುಲಭವಾಗಿ, ಬೇಗ ಪದವಾಗುವಂತೆ ರ, ಗ, ಸ, ದ, ಅ ಎಂದು ಶುರುವಾಗಿ ಜ, ವ, ಮ, ಬ, ನ ಎಂದು ಮುಂದುವರಿಯುತ್ತವೆ. ಐದಕ್ಷರ ಕಲಿತ ಮಗು ‘ಅರಸ’, ‘ಸರ’, ‘ಗರ’ ಎಂದು ಆಗಲೇ ಓದತೊಡಗುತ್ತದೆ. ಮನೆಯಲ್ಲಿ ಅಜ್ಜ ‘ಇನ್ನೂ ಆ, ಇ ಬರೋಲ್ಲ’ ಎಂದು ಗದರಿದರೆ ಅವರನ್ನು ಕರೆದು ಮಗುವಿನಿಂದ ಈ ಪದಗಳನ್ನು ಓದಿಸಿ ತೋರಿಸಿ, ವಾದ ಬೇಡ.

ಕೆಡುವ ಜಾಗಗಳು ಮೂರು. ಒಂದು, ಜೂನ್‌ನಲ್ಲಿ ಒಂದನೇ ತರಗತಿಯವರೆಲ್ಲ ಮೊದಲ ಗುಂಪಿನಲ್ಲೇ ಬಂದು ಕೂರುತ್ತಾರೆ, ನಿಮ್ಮ ಸುತ್ತ ಹತ್ತು ಮಂದಿ ಗಲಾಟೆ. ದಿನಕ್ಕೆ ನಾಲ್ಕೈದು ಮಕ್ಕಳನ್ನಷ್ಟೇ ಆ ಗುಂಪಿಗೆ ಬಿಡಿ, ಉಳಿದವರಿಗೆ ಗೋಡೆಯ ಕೆಳಗಿನ ಕಪ್ಪುಹಲಗೆಯಲ್ಲಿ ಹಿಂದಿನದನ್ನು ಬರೆಯುವ ಕೆಲಸ ಕೊಡಿ. ಎರಡು, ಕಾರ್ಡುಗಳು ಕಲಸಿಹೋಗುತ್ತವೆ. ಕಾರ್ಡೊಂದು ಕಳೆದರೆ ಆ ಮೆಟ್ಟಿಲಿಗೆ ಬಂದ ಪ್ರತಿ ಮಗುವೂ ನಿಂತುಬಿಡುತ್ತದೆ. ಸಂಜೆ ಬಿಡುವ ಹತ್ತು ನಿಮಿಷ ಮೊದಲು ಮೂರನೇ ತರಗತಿಯ ಇಬ್ಬರಿಗೆ ಟ್ರೇ ಜೋಡಿಸುವ ಜವಾಬ್ದಾರಿ ಕೊಡಿ, ಕಳೆದದ್ದನ್ನು ರಟ್ಟಿನ ಮೇಲೆ ಅದೇ ಸಂಖ್ಯೆ ಹಾಕಿ ನೀವೇ ಬರೆದುಬಿಡಿ. ಮೂರು, ಯಾವ ಮಗು ಯಾವ ಮೆಟ್ಟಿಲು ದಾಟಿತೆಂದು ಗುರುತು ಹಾಕುವ ಪ್ರಗತಿ ನೋಟದಲ್ಲಿ ಮಗುವಿಗಿಂತ ಗುರುತು ಮುಂದೆ ಓಡುತ್ತದೆ. ಅಧಿಕಾರಿಗಳು ಬರುತ್ತಾರೆಂದು ನಾಲ್ಕು ಮೆಟ್ಟಿಲು ಒಂದೇ ದಿನ ತುಂಬಿದರೆ ಸೋಮವಾರ ಆ ಮಗು ತನಗೆ ಬಾರದ ಕಾರ್ಡು ಹಿಡಿದು ಅಳುತ್ತ ಕೂರುತ್ತದೆ.

ಇನ್ನು ನಲಿಕಲಿಯ ಹೊರಗಿರುವ 4, 5ನೇ ತರಗತಿ. ಅವರನ್ನು ಕೋಣೆಯ ಮತ್ತೊಂದು ಬದಿಗೆ, ಬೇರೆ ಹಲಗೆಗೆ ಮುಖ ಮಾಡಿ ಕೂರಿಸಿ. ಒಂದು ಬದಿಗೆ ನೀವು ಹೊಸದು ಹೇಳಿಕೊಡುವಾಗ ಇನ್ನೊಂದು ಬದಿಗೆ ನಿಮ್ಮನ್ನು ಕೇಳದೆ ಮಾಡಬಹುದಾದ ಕೆಲಸವೇ ಇರಬೇಕು. ಬೆಳಿಗ್ಗೆ ಮೊದಲ 40 ನಿಮಿಷ ಚಿಕ್ಕವರಿಗೆ, ಆ ಹೊತ್ತಿಗೆ ದೊಡ್ಡವರಿಗೆ ನಿನ್ನೆ ಕಲಿಸಿದ ಲೆಕ್ಕದ ಅಭ್ಯಾಸ, ಹಲಗೆಯ ಮೇಲೆ ಮೊದಲೇ ಬರೆದಿಟ್ಟದ್ದು. ಮುಂದಿನ 40 ನಿಮಿಷ ಅದಲು ಬದಲು. ಪರಿಸರ ಅಧ್ಯಯನವನ್ನು 4, 5 ಎರಡಕ್ಕೂ ಒಂದೇ ವಿಷಯ ಹಿಡಿದು ಮಾಡಬಹುದು, ನೀರೋ ಗಿಡವೋ. ಪ್ರಶ್ನೆ ಮಾತ್ರ ಬೇರೆ ಬೇರೆ ಕೊಡಿ. ಗಣಿತದಲ್ಲಿ ಹಾಗೆ ಬೆರೆಸಲು ಹೋಗಬೇಡಿ.

ಇದಕ್ಕೆಲ್ಲ ಮೊದಲು, ವರ್ಷದ ಆರಂಭದಲ್ಲಿ ಹಿಂದಿನದನ್ನು ನೆನಪಿಸುವ ಸೇತುಬಂಧದ ದಿನಗಳಲ್ಲಿ, ಒಂದೊಂದು ಮಗುವನ್ನೂ ಪಕ್ಕ ಕೂರಿಸಿಕೊಂಡು ಎರಡೆರಡು ನಿಮಿಷ ನೋಡಿ: ಅಕ್ಷರ ಗುರುತಿಸುತ್ತದೆಯೇ, ಒತ್ತಕ್ಷರವಿಲ್ಲದ ಪದ ಓದುತ್ತದೆಯೇ, ಒಂದು ವಾಕ್ಯ, ನಾಲ್ಕು ಸಾಲು. ಲೆಕ್ಕಕ್ಕೆ 52ರಲ್ಲಿ 27 ಕಳೆಯಲು ಹೇಳಿ, ದಶಕ ಎರವಲು ಗೊತ್ತಿಲ್ಲದವರು 35 ಎಂದು ಬರೆಯುತ್ತಾರೆ. ಉತ್ತರ ತಪ್ಪೆಂದು ಬಿಡಬೇಡಿ, 35 ಬರೆದವರನ್ನು ಒಂದು ಗುಂಪು ಮಾಡಿ. ಐದನೇ ತರಗತಿಯಲ್ಲೂ ಅವರು ಸಿಗುತ್ತಾರೆ.

ತಾಂಡಾದ ಶಾಲೆ. ಒಂದನೇ ತರಗತಿ ಮಕ್ಕಳಿಗೆ ಕನ್ನಡವೇ ಬಾರದು, ನನಗೆ ಲಂಬಾಣಿ ಬಾರದು.
– ಶಿಕ್ಷಕ, ವಿಜಯಪುರ ಜಿಲ್ಲೆ

ಮೊದಲು ನೀವು ಕಲಿಯಿರಿ, ಐವತ್ತು ಪದ ಸಾಕು. ಯಾಡಿ ಎಂದರೆ ಅವ್ವ, ಪಾಣಿ ನೀರು, ಬಾಟಿ ರೊಟ್ಟಿ. ಇಲ್ಲಿಂದ ಶುರು ಮಾಡಿ ದಿನಕ್ಕೈದು ಪದವನ್ನು ಮಕ್ಕಳ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ನೀವು ತಪ್ಪು ಹೇಳಿದಾಗ ಅವರು ನಗುತ್ತಾರೆ, ತಿದ್ದುತ್ತಾರೆ. ತಪ್ಪು ಮಾಡಿದರೆ ಹೆದರಬೇಕಿಲ್ಲ ಎಂಬುದನ್ನು ಆ ನಗುವಿನಲ್ಲೇ ಅವರು ಕಲಿತಿರುತ್ತಾರೆ.

ಮೊದಲ ಆರು ವಾರ ಬರವಣಿಗೆಯ ಆತುರ ಬೇಡ. ‘ಬಾ’, ‘ಕೂಡು’, ‘ಚೀಲ ತಾ’, ‘ಬಾಗಿಲು ಮುಚ್ಚು’ ಎಂದು ಕೈಸನ್ನೆಯ ಜೊತೆ ಹೇಳಿ ಮಾಡಿಸಿ, ವಾರ ಕಳೆದ ಮೇಲೆ ಸನ್ನೆ ತೆಗೆಯಿರಿ. ಚಿತ್ರ ತೋರಿಸಿ ಮೊದಲು ಅವರ ಮಾತಿನಲ್ಲಿ ಹೆಸರು ಹೇಳಿಸಿ, ಆಮೇಲೆ ಕನ್ನಡದ್ದನ್ನು ನೀವು ಹೇಳಿ. ‘ಶಾಲೆಯಲ್ಲಿ ಕನ್ನಡ ಮಾತ್ರ’ ಎಂದು ಕಟ್ಟು ಮಾಡಿದ ಕಡೆ ಮಕ್ಕಳು ಕನ್ನಡ ಕಲಿಯುವುದಿಲ್ಲ, ಸುಮ್ಮನಾಗುತ್ತಾರೆ. ಸುಮ್ಮನಿರುವ ಮಗುವನ್ನು ಹೊಸ ಶಿಕ್ಷಕರು ಜಾಣ ಮಗು ಎಂದುಕೊಳ್ಳುವುದೂ ಉಂಟು. ಮೂರು, ನಾಲ್ಕನೇ ತರಗತಿಯಲ್ಲಿ ಎರಡೂ ಭಾಷೆ ಬರುವ ಹುಡುಗಿಯೊಬ್ಬಳು ಇದ್ದೇ ಇರುತ್ತಾಳೆ, ಕಥೆ ಹೇಳುವಾಗ ಅವಳನ್ನು ಪಕ್ಕದಲ್ಲಿಟ್ಟುಕೊಳ್ಳಿ.

ತಾಂಡಾದ ಹಿರಿಯರಾದ ನಾಯಕ, ಡಾವೊ, ಕಾರಭಾರಿ ಮೂವರನ್ನೂ ಮೊದಲ ವಾರ ಹೋಗಿ ಕಾಣಿರಿ. ಶಾಲೆಗೆ ಬರಹೇಳಿ ಕಳಿಸಬೇಡಿ, ನೀವೇ ಹೋಗಿ.

ಬಿಸಿಯೂಟದ ಅಳತೆ ಗೊತ್ತಾಗುತ್ತಿಲ್ಲ. ಇನ್ನೊಂದು ಕಷ್ಟ: ಅಡುಗೆಯಮ್ಮನ ಜಾತಿ ನೋಡಿ ಕೆಲವು ಮಕ್ಕಳನ್ನು ಊಟದ ಹೊತ್ತಿಗೆ ಮನೆಗೆ ಕರೆಸಿಕೊಳ್ಳುತ್ತಾರೆ.
– ಶಿಕ್ಷಕಿ, ಹಾಸನ ಜಿಲ್ಲೆ

ಅಳತೆ ಸುಲಭ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ ಧಾನ್ಯ 100 ಗ್ರಾಂ, ಬೇಳೆ 20, ತರಕಾರಿ 50, ಎಣ್ಣೆ 5. 6ರಿಂದ 8ಕ್ಕೆ 150, 30, 75 ಮತ್ತು 7.5 ಗ್ರಾಂ. ಚಿಕ್ಕ ತರಗತಿಯ 40 ಮಕ್ಕಳು ಬಂದಿದ್ದರೆ ಅಕ್ಕಿ 4 ಕೆ.ಜಿ., ಬೇಳೆ 800 ಗ್ರಾಂ, ತರಕಾರಿ 2 ಕೆ.ಜಿ., ಎಣ್ಣೆ 200 ಗ್ರಾಂ. ಹಾಜರಿ ಕೂಗಿದ ಮೇಲೆಯೇ ಅಳೆದು ಕೊಡಿ, ದಾಖಲಾತಿ ನೋಡಿ ಕೊಟ್ಟರೆ ತಿಂಗಳ ಕೊನೆಗೆ ಲೆಕ್ಕ ಸೇರುವುದಿಲ್ಲ. ಕ್ಷೀರಭಾಗ್ಯದ ಹಾಲು ತಲೆಗೆ 150 ಮಿ.ಲೀ., ಅದಕ್ಕೆ ಪುಡಿ 18 ಗ್ರಾಂ, ಅಂದರೆ 40 ಮಕ್ಕಳಿಗೆ 720 ಗ್ರಾಂ. ಕುದಿಯುವ ನೀರಿಗೆ ಪುಡಿ ಸುರಿದರೆ ಗಂಟುಗಟ್ಟಿ ತಳ ಹಿಡಿಯುತ್ತದೆ, ಆ ಸೀದ ವಾಸನೆಗೇ ಮಕ್ಕಳು ಲೋಟ ಚೆಲ್ಲುವುದು. ಉಗುರುಬೆಚ್ಚಗಿನ ಸ್ವಲ್ಪ ನೀರಿನಲ್ಲಿ ಪುಡಿಯನ್ನು ಮೊದಲು ಕಲಸಿ, ಆಮೇಲೆ ಉಳಿದ ನೀರಿಗೆ ಸೇರಿಸಿ ಕಾಯಿಸಲು ಹೇಳಿ.

ಬಡಿಸುವ ಮೊದಲು ಒಬ್ಬ ಶಿಕ್ಷಕರೂ ಸೇರಿ ಇಬ್ಬರು ಮೂವರು ದೊಡ್ಡವರು ರುಚಿ ನೋಡಿ ವಹಿಯಲ್ಲಿ ಬರೆಯಬೇಕು. ಸಾಂಬಾರಿನ ಪಾತ್ರೆ ಮಕ್ಕಳು ಓಡಾಡುವ ದಾರಿಯಲ್ಲಿ, ನೆಲದ ಮೇಲೆ ಮುಚ್ಚಳವಿಲ್ಲದೆ ಒಂದು ನಿಮಿಷವೂ ಇರಬಾರದು.

ಎರಡನೆಯದು ನೀವಂದಂತೆ ಕಷ್ಟದ್ದೇ. ನೀವು ದಿನವೂ ಮಕ್ಕಳ ಸಾಲಿನಲ್ಲಿ ಕೂತು, ಅದೇ ಅಡುಗೆಯಮ್ಮನ ಕೈಯಿಂದ ಬಡಿಸಿಕೊಂಡು, ಅದೇ ಊಟ ಮಾಡಿ. ಡಬ್ಬಿ ತರುವ ಶಿಕ್ಷಕರು ಈ ವಿಷಯದಲ್ಲಿ ಏನು ಹೇಳಿದರೂ ಊರು ಕೇಳುವುದಿಲ್ಲ. ಸಾಲು ಹಾಜರಿ ಸಂಖ್ಯೆಯ ಪ್ರಕಾರ ಇರಲಿ, ಕೇರಿ ಪ್ರಕಾರ ಗುಂಪಾಗಲು ಬಿಡಬೇಡಿ. ಮನೆಗೆ ಕರೆಸಿಕೊಳ್ಳುವವರ ಬಳಿ ಒಬ್ಬೊಬ್ಬರಾಗಿ ಮಾತಾಡಿ, ಸಭೆ ಸೇರಿಸಿದರೆ ಹಠ ಬಲಿಯುತ್ತದೆ. ಊಟದ ಹೊತ್ತಿಗೆ ಗೇಟು ದಾಟುವ ಮಗುವಿನ ಹೊಣೆ ಶಾಲೆಯದು, ಹಾಗೆ ಬಿಡಲು ಬರುವುದಿಲ್ಲ ಎಂದು ತಿಳಿಸಿ. ‘ಅಡುಗೆಯವರನ್ನು ಬದಲಾಯಿಸಿ, ಎಲ್ಲ ಸರಿಹೋಗುತ್ತೆ’ ಎಂಬ ಸಲಹೆ ಬರುತ್ತದೆ, ಒಪ್ಪಲೇಬೇಡಿ. ಅಸ್ಪೃಶ್ಯತೆಯ ಆಚರಣೆ ಅಪರಾಧ. ಬೆದರಿಕೆಯ ಮಟ್ಟಕ್ಕೆ ಹೋದರೆ ಬರವಣಿಗೆಯಲ್ಲಿ ಬಿ.ಇ.ಒ.ಗೆ ತಿಳಿಸಿ.

ನೀರು ಕುದಿಸಿ ಕುಡಿದರೂ ಇಲ್ಲಿನ ಮಕ್ಕಳ ಹಲ್ಲು ಹಳದಿ. ಏಕೆ?
– ಶಿಕ್ಷಕ, ಪಾವಗಡ ತಾಲ್ಲೂಕು

ಫ್ಲೋರೈಡ್. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲವೆಂದರೆ 1.5ರವರೆಗೆ ಮಾತ್ರ. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಕೇಳಿ, ಶಾಲೆಯ ಕೊಳವೆಬಾವಿಯ ನೀರನ್ನು ನೋಡಿಸಿ. ಶುದ್ಧ ನೀರಿನ ಘಟಕವಿದ್ದರೆ ಕುಡಿಯಲಷ್ಟೇ ಅಲ್ಲ, ಅಡುಗೆಗೂ ಅದೇ ನೀರು ತರಿಸಿ. ಸುವರ್ಣ ಜಲ ಯೋಜನೆಯಲ್ಲಿ ಕಟ್ಟಿದ ಮಳೆನೀರಿನ ತೊಟ್ಟಿ ನಿಮ್ಮ ಶಾಲೆಯಲ್ಲೂ ಮೂಲೆಯಲ್ಲಿ ಬಿದ್ದಿದ್ದರೆ ತೊಳೆಸಿ, ಶೋಧಕದ ಜಲ್ಲಿ ಮರಳು ಬದಲಾಯಿಸಿ, ಮೊದಲ ಮಳೆಯ ನೀರನ್ನು ಹೊರಕ್ಕೆ ಬಿಟ್ಟು ಆಮೇಲಿನದನ್ನು ಹಿಡಿಯಿರಿ. ಆ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕುವುದಾದರೆ 1000 ಲೀಟರಿಗೆ 2.5 ಗ್ರಾಂ. ಹೊಸ ಪುಡಿಯೇ ಆಗಬೇಕು, ಬಾಯಿ ತೆರೆದಿಟ್ಟದ್ದರಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನಷ್ಟೇ ತೊಟ್ಟಿಗೆ ಸುರಿದು, ಒಂದು ಗಂಟೆ ಬಿಟ್ಟು ಬಳಸಿ.

ಊರಲ್ಲಿ ಎರಡು ಪಾರ್ಟಿ. ಎಸ್.ಡಿ.ಎಂ.ಸಿ. ರಚನೆ ಹತ್ತಿರ ಬಂದಿದೆ. ಇಬ್ಬರೂ ಊಟಕ್ಕೆ ಕರೆಯುತ್ತಾರೆ.
– ಶಿಕ್ಷಕ, ಮಂಡ್ಯ ಜಿಲ್ಲೆ

ಸಮಿತಿ ಆಗುವವರೆಗೆ ಇಬ್ಬರ ಮನೆಯ ಊಟಕ್ಕೂ ಹೋಗಬೇಡಿ. ‘ಸಮಿತಿ ಆಗ್ಲಿ ಗೌಡ್ರೇ, ಆಮೇಲೆ ಬಂದು ಊಟ ಮಾಡ್ತೀನಿ’ ಎಂದರೆ ಯಾರಿಗೂ ಬೇಜಾರಾಗುವುದಿಲ್ಲ, ನಿಮ್ಮ ಕಾರಣ ಅವರಿಗೂ ಗೊತ್ತು. ಮನೆಭೇಟಿ ಮಾತ್ರ ನಿಲ್ಲಿಸಬೇಡಿ, ಎಲ್ಲ ಕೇರಿಗಳಿಗೂ ಹೋಗಿ. ಹೊಲದಿಂದ ಜನ ಬಂದಿರುವ ಸಂಜೆ ಹೊತ್ತು, ಹತ್ತು ನಿಮಿಷ, ಜಗಲಿಯಲ್ಲೇ ಕೂತು ಮಗುವಿನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ ಎದ್ದು ಬನ್ನಿ. ದೂರು ಹೇಳಲೆಂದೇ ಮೊದಲ ಸಲ ಹೋದರೆ ಎರಡನೇ ಸಲ ಬಾಗಿಲು ತೆರೆಯುವುದಿಲ್ಲ.

ಸಮಿತಿಯ ಮುಕ್ಕಾಲು ಭಾಗ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂಬುದು ಶಿಕ್ಷಣ ಹಕ್ಕು ಕಾಯ್ದೆಯ ಮಾತು. ಸಭೆಯ ನೋಟಿಸನ್ನು ಮಕ್ಕಳ ಕೈಲಿ ಮನೆಮನೆಗೆ ಕಳಿಸಿ ಸಹಿ ತರಿಸಿಟ್ಟುಕೊಳ್ಳಿ, ‘ನಮಗೆ ಹೇಳಲೇ ಇಲ್ಲ’ ಎಂಬ ತಕರಾರಿಗೆ ಅದೇ ಉತ್ತರ. ನಿಮ್ಮ ಬಾಯಿಂದ ಯಾರ ಹೆಸರೂ ಬರಬಾರದು. ನಡಾವಳಿಯನ್ನು ಸಭೆಯಲ್ಲೇ ಬರೆದು, ಓದಿ ಹೇಳಿ, ಅಲ್ಲೇ ಸಹಿ ಮಾಡಿಸಿ. ಹೆಂಡತಿ ಸದಸ್ಯೆಯಾದರೆ ಗಂಡ ಬಂದು ಸಹಿ ಹಾಕಲು ಕೂರುತ್ತಾನೆ, ನಯವಾಗಿಯೇ ಅವರನ್ನು ಕರೆಸಿ ಎನ್ನಿ. ಎರಡು ಸಭೆ ಹೀಗೆ ನಡೆದರೆ ಮೂರನೆಯದಕ್ಕೆ ಹೆಂಗಸರೇ ಬರುತ್ತಾರೆ, ಶೌಚಾಲಯದ ನೀರಿನ ವಿಷಯ ಆಗ ಮೊದಲ ಬಾರಿಗೆ ಚರ್ಚೆಗೆ ಬರುತ್ತದೆ.

ದೀಪಾವಳಿ ಮುಗಿದ ಮೇಲೆ ಅರ್ಧ ತರಗತಿ ಖಾಲಿ. ಗುಳೆ ಹೋಗುತ್ತಾರಂತೆ. ಹೆಸರು ತೆಗೆದುಹಾಕಬೇಕೇ?
– ಶಿಕ್ಷಕಿ, ಕಲಬುರಗಿ ಜಿಲ್ಲೆ

ತೆಗೆಯಬೇಡಿ. ಕಬ್ಬು ಕಟಾವಿಗೆ, ಇಟ್ಟಿಗೆ ಭಟ್ಟಿಗೆ ಹೋದವರು ಬೇಸಿಗೆಗೆ ವಾಪಸ್ ಬರುತ್ತಾರೆ. ಹೆಸರು ಹೋದ ಮಗು ಮಾತ್ರ ಶಾಲೆಗೆ ಬರುವುದಿಲ್ಲ.

ಕೆಲಸ ಶುರುವಾಗಬೇಕಾದದ್ದು ದಸರಾ ರಜೆಗೆ ಮುಂಚೆ. ಮನೆವಾರು ಪಟ್ಟಿ ಮಾಡಿ: ಯಾರು ಹೊರಡುತ್ತಾರೆ, ಯಾವ ಊರಿಗೆ, ಕರೆದೊಯ್ಯುವ ಮುಕ್ಕಾದಮ ಯಾರು, ಅಜ್ಜಿ ಊರಲ್ಲೇ ಇರುತ್ತಾಳೆಯೇ. ಅಜ್ಜಿ ಇದ್ದರೆ ಮಗುವನ್ನು ಬಿಟ್ಟುಹೋಗಲು ಒಪ್ಪಿಸಬಹುದು, ಮಧ್ಯಾಹ್ನದ ಊಟ ಶಾಲೆಯಲ್ಲೇ ಆಗುತ್ತದೆಂಬುದು ಅಲ್ಲಿ ನಿಮ್ಮ ದೊಡ್ಡ ಬಲ. ನೋಡಿಕೊಳ್ಳುವವರೇ ಇಲ್ಲದ ಮಕ್ಕಳ ಪಟ್ಟಿಯನ್ನು ಋತುಮಾನ ವಸತಿ ಶಾಲೆಗಾಗಿ ಸಿ.ಆರ್.ಪಿ. ಕೈಗೆ ಕೊಡಿ. ನವೆಂಬರಿನಲ್ಲಿ ಕೇಳಿದರೆ ಮಂಜೂರಾಗುವಷ್ಟರಲ್ಲಿ ಕಟಾವು ಮುಗಿದಿರುತ್ತದೆ. ಹೊರಟೇ ಬಿಟ್ಟವರ ಕೈಗೆ ಮಗುವಿನ ಹೆಸರು, ತರಗತಿ, ಎಸ್.ಎ.ಟಿ.ಎಸ್. ಸಂಖ್ಯೆ (ಇಲಾಖೆಯ ಕಂಪ್ಯೂಟರ್ ದಾಖಲೆಯಲ್ಲಿ ಮಗುವಿನ ಸಂಖ್ಯೆ) ಬರೆದು ಮೊಹರು ಹಾಕಿದ ಚೀಟಿ ಕೊಡಿ. ಹೋದಲ್ಲಿನ ಸರ್ಕಾರಿ ಶಾಲೆ ವರ್ಗಾವಣೆ ಪತ್ರವಿಲ್ಲ ಎಂಬ ಕಾರಣಕ್ಕೆ ಸೇರಿಸಿಕೊಳ್ಳದೆ ಇರುವಂತಿಲ್ಲ.

ವಾಪಸ್ ಬಂದ ದಿನ ‘ಎಲ್ಲಿಗೆ ಹೋಗಿದ್ದಿ ಇಷ್ಟು ದಿನ’ ಎಂದು ಎಲ್ಲರೆದುರು ಕೇಳಬೇಡಿ. ನಲಿಕಲಿಯ ಏಣಿಯಲ್ಲಿ ಮಗು ಬಿಟ್ಟುಹೋದ ಮೆಟ್ಟಿಲಿನ ಗುರುತು ಹಾಗೇ ಇರಲಿ, ಅಲ್ಲಿಂದಲೇ ಕಾರ್ಡು ತೆಗೆಯಲು ಹೇಳಿ.

‘ನಾಲ್ಕು ಬಾರಿಸಿ ಅಕ್ಕೋರೆ, ನಾವೇನೂ ಕೇಳಂಗಿಲ್ಲ’ ಎಂದು ತಂದೆತಾಯಿಯೇ ಹೇಳುತ್ತಾರೆ. ಕೋಲು ಹಿಡಿಯದಿದ್ದರೆ ಮೆತ್ತಗಿನವಳು ಅಂದುಕೊಳ್ಳುತ್ತಾರಲ್ಲ?
– ಶಿಕ್ಷಕಿ, ಕೊಪ್ಪಳ ಜಿಲ್ಲೆ

ಅಂದುಕೊಳ್ಳುತ್ತಾರೆ, ಎರಡು ತಿಂಗಳು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ನಿಷೇಧಿಸಿದೆ. ಹೊಡೆಯಿರಿ ಎಂದವರ ಮಗುವಿಗೆ ಕಿವಿಯಲ್ಲಿ ರಕ್ತ ಬಂದ ದಿನ ದೂರು ಕೊಡುವವರೂ ಅವರೇ. ಗಲಾಟೆ ಹೆಚ್ಚುವುದು ಕೈಯಲ್ಲಿ ಕೆಲಸವಿಲ್ಲದ ಹೊತ್ತಿನಲ್ಲಿ. ಊಟ ಮುಗಿದ ಮೇಲಿನ ಇಪ್ಪತ್ತು ನಿಮಿಷ, ನೀವು ಬರವಣಿಗೆಗೆ ಕೂತ ಹೊತ್ತು, ಶನಿವಾರದ ಕೊನೆಯ ಅವಧಿ. ಒಂದು ವಾರ ಗಲಾಟೆಯಾದ ಹೊತ್ತನ್ನು ಬರೆದಿಟ್ಟು ನೋಡಿ, ಆ ಹೊತ್ತಿಗೇ ಕೆಲಸ ಹಂಚಿ: ಗಿಡಕ್ಕೆ ನೀರು, ಹವಾಮಾನ ನಕ್ಷೆ ತುಂಬುವುದು, ಗ್ರಂಥಾಲಯದ ಪುಸ್ತಕ ಕೊಟ್ಟು ಬರೆದುಕೊಳ್ಳುವುದು. ಆ ಕೊನೆಯ ಕೆಲಸವನ್ನು ತರಗತಿಯ ಅತಿ ತುಂಟ ಹುಡುಗನಿಗೇ ಕೊಡಿ. ಪುಸ್ತಕದ ಹೆಸರು ಓದಲು ಬಾರದಿದ್ದರೆ ಬಂದು ನಿಮ್ಮನ್ನೇ ಕೇಳಬೇಕಾಗುತ್ತದೆ.